ಎಲಿ ಎಲ್ಲಾರಿಗೂ ಒಂದೇ

ಹೋದ ಸಲ ಜ್ವಾಳದ ಹಪ್ಪಳದ ಬಗ್ಗೆ ಬರದಿದ್ದೆ. ಈ ಸಲ ಅಡಿಗಿ ಸುದ್ದಿ ಅಲ್ಲ, ಇಸ್ಪೀಟ್ ಸುದ್ದಿ. ಹೌದ್ರಿ, ಇಸ್ಪೀಟೇ. ಬ್ರಿಜ್ ಅಂತ ನಾಕು ಮಂದಿ ಕುಂತು ಆಡೋ ಆಟ ಒಂದೈತಿ. ಅದು ಎಲ್ಲಿಂದ ಬಂತು, ನಮ್ಮಂಥ ಹೆಣ್ಮಕ್ಕಳ ಕೈಗೆ ಹೆಂಗ ಬಂತು ಅನ್ನೋದು ಇವತ್ತಿನ ಮಾತು. ಶನಿವಾರ ಮಧ್ಯಾಹ್ನ ನಾವು ನಾಕು ಮಂದಿ ಎಲಿ ಹಿಡಕೊಂಡು ಕುಂದ್ರೋದು ನೋಡಿ ಓಣ್ಯಾಗ ಮಾತು ಶುರು ಆಗೈತಿ ಅಂತ ನನಗ ಗೊತ್ತೈತಿ. "ಈ ವಯಸ್ಸಿಗೆ ಇದೊಂದು ಬಾಕಿ ಇತ್ತು" ಅಂದವರೂ ಇದನ್ನ ಓದ್ತೀರಿ. ಸಿಟ್ಟೇನಿಲ್ಲ. ಇಸ್ಪೀಟ್ ಅಂದ್ರ ಹೆದರೋ ಕಾರಣ ನನ್ನ ತವರುಮನ್ಯಾಗೇ ಐತಿ.

ನನ್ನ ತವರು ಸಿರುಗುಪ್ಪ ತಾಲೂಕು. ತುಂಗಭದ್ರಾ ಕಾಲುವಿ ನೀರು ಬಂದಮ್ಯಾಲೆ ಎರಡು ಬೆಳಿ ಭತ್ತ ಕಂಡ ಊರು. ಭತ್ತ ಮಾರಿದ ದುಡ್ಡು ಕೈಗೆ ಬರೋ ಹೊತ್ತಿಗೆ ಮೂರೆಲಿ ಆಟಾನೂ ಶುರು ಆಗ್ತಿತ್ತು. ನಮ್ಮ ದೊಡ್ಡಪ್ಪ ಕೆಟ್ಟ ಮನುಷ್ಯ ಅಲ್ಲ. ಕುಡೀತಿರಲಿಲ್ಲ, ಯಾರಿಗೂ ಕೈ ಎತ್ತಿದವನಲ್ಲ. ಆದ್ರ ಎಲಿ ಮುಂದ ಕುಂತ್ರ ಏಳ್ತಿರಲಿಲ್ಲ. ಎರಡು ಸುಗ್ಗಿ ಒಳಗ ಎರಡು ಎಕರೆ ಗದ್ದಿ ಹೋತು. ಮರುವರ್ಷ ದೊಡ್ಡವ್ವ ಅದೇ ಗದ್ದಿಗೆ ಕೂಲಿಗೆ ಹೋಗಿ ಸಸಿ ನೆಟ್ಟಳು. ಅವತ್ತು ಸಂಜಿ ನಮ್ಮವ್ವ ಅಂದಿದ್ದು ಒಂದೇ ಮಾತು: "ಇನ್ನ ಎಲಿ ನನ್ನ ಹೊಸ್ತಿಲು ದಾಟಬಾರದು." ದಾಟಲಿಲ್ಲ. ನಾವು ಮಕ್ಕಳು ಸುಣ್ಣದ ಕಡ್ಡಿಯಿಂದ ಬಂಡಿ ಮ್ಯಾಲೆ ಮನಿ ಬರದು, ಹುಣಸಿ ಬೀಜ ಒಂದು ಕಡಿ ತಿಕ್ಕಿ ಬೆಳ್ಳಗ ಮಾಡಿ, ಚೌಕಾಬಾರ ಆಡಿ ಬೆಳದ್ವಿ.

ಹಂಗಂದ್ರ ಅವ್ವ ಆಟದ ವೈರಿ ಅಲ್ಲ. ಶಿವರಾತ್ರಿ ಜಾಗರಣಿಗೆ ಪಗಡಿ ಹಾಸು ಬಿಚ್ಚೋಳು ಆಕಿನೇ. ಆಕಿಗೆ ಬ್ಯಾಡಾಗಿದ್ದು ಪಣ. ಇದು ನನಗ ತಿಳಿಯಾಕ ಬಹಳ ವರ್ಷ ಹಿಡೀತು. ಅದಕ್ಕ ಮೊದಲು ಆಟದ ಹಳೇ ಸುದ್ದಿ ಒಂದಿಷ್ಟು ಹೇಳ್ತೀನಿ, ಯಾಕಂದ್ರ ಈ ಸೀಮಿಗೂ ಕುಂತು ಆಡೋ ಆಟಕ್ಕೂ ನಂಟು ಬಹಳ ಹಳೇದು.

ನಮ್ಮ ಕುರುಗೋಡು ಈಗ ದೊಡ್ಡ ಬಸವೇಶ್ವರನ ತೇರಿಗೆ ಹೆಸರಾದ ಊರು. ಸಾವಿರ ವರ್ಷದ ಹಿಂದಿನ ಆಸುಪಾಸು ಅದು ಸಿಂದರ ರಾಜಧಾನಿ. ಅವರು ಕಲ್ಯಾಣದ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಮೂರನೇ ಸೋಮೇಶ್ವರ ಅನ್ನೋ ರಾಜ 1130ರ ಸುಮಾರಿಗೆ ಸಂಸ್ಕೃತದಾಗ ಮಾನಸೋಲ್ಲಾಸ ಅನ್ನೋ ಗ್ರಂಥ ಬರದ. ಇಡ್ಲಿ, ದೋಸಿ, ವಡಿ ಸುದ್ದಿ ಅದರಾಗ ಐತಿ ಅಂತ ನಿಮ್ಮಲ್ಲಿ ಭಾಳ ಮಂದಿಗೆ ಗೊತ್ತಿರ್ತೈತಿ. ಅದೇ ಪುಸ್ತಕದಾಗ ಚದುರಂಗ, ಪಗಡಿ ದಾಳ, ಕವಡಿ ಆಟಗಳ ಸುದ್ದಿನೂ ಐತಿ. ಊಟ, ಹಾಡು, ಆಟ ಎಲ್ಲಾನೂ ಒಂದೇ ಗ್ರಂಥದಾಗ ಬರದಾನ. ರಾಜ ಆದವನು ಆಟ ಅಂದ್ರ ಹೊತ್ತುಗೇಡಿ ಕೆಲಸ ಅಂತ ತಿಳಕೊಂಡಿರಲಿಲ್ಲ.

ಮುಂದ ವಿಜಯನಗರ. ಹಂಪಿ ಈಗ 2021ರಿಂದ ಬ್ಯಾರೆ ಜಿಲ್ಲಾ ಆಗೈತಿ, ಆದ್ರ ಮನಸಿನಾಗ ಇನ್ನೂ ನಮ್ಮದೇ. ಈ ಸಲ ಹೋದಾಗ ಗೋಪುರ ನೋಡಿ ಆದಮ್ಯಾಲೆ ಕೆಳಗ ನೆಲಾನೂ ನೋಡ್ರಿ. ಮಂಟಪದ ಹಾಸುಗಲ್ಲು, ಬಂಡಿ ಮ್ಯಾಲೆ ಚೌಕ, ಗೆರಿ, ಗುಳಿ ಕೊರದಿರೋದು ಅಲ್ಲಲ್ಲಿ ಕಾಣತಾವ. ಹುಲಿಮನಿ, ಅಳಗುಳಿ ಅಂಥ ಆಟದ ಮನಿಗಳು ಅವು. ಕೊರದವರು ಯಾರು, ಶಿಲ್ಪಿಗಳೋ, ಕಾವಲುಗಾರರೋ, ಜಾತ್ರಿಗೆ ಬಂದವರೋ, ಕಲ್ಲು ಹೇಳಂಗಿಲ್ಲ. ಆದ್ರ ಬಿಸಲು ಇಳಿಯೋ ತನಕ ನೆರಳಾಗ ಕುಂತು ಯಾರೋ ಆಡಿದ್ದು ಖರೆ. ಕೃಷ್ಣದೇವರಾಯನ ಜೋಡಿ ಚದುರಂಗ ಆಡಿ ಅವನನ್ನೇ ಸೋಲಿಸ್ತಿದ್ದ ಬೊಡ್ಡುಚರ್ಲ ತಿಮ್ಮನ್ನ ಅನ್ನೋ ಕವಿ ಕಥಿ ತೆಲುಗಿನವರ ಬಾಯಾಗ ಇನ್ನೂ ಐತಿ. ರಾಯ ಅವನಿಗೆ ಅಗ್ರಹಾರ ಕೊಟ್ಟ ಅಂತ ಹೇಳ್ತಾರ.

ಇನ್ನ ಎಲಿ ಸುದ್ದಿ. ಈಗಿನ ಇಸ್ಪೀಟಿಗಿಂತ ಮೊದಲು ನಮ್ಮಲ್ಲಿ ಗಂಜೀಫಾ ಇತ್ತು. ದುಂಡನ್ನ ಎಲಿ, ಕೈಯಿಂದ ಬಣ್ಣ ಹಾಕಿದ್ದು. ಮೊಗಲರ ಬಾಬರ್ 1527ರಾಗ ಒಬ್ಬ ಸ್ನೇಹಿತಗ ಗಂಜೀಫಾ ಕಳಿಸಿದ್ದನ್ನ ತನ್ನ ದಿನಚರ್ಯಾಗ ಬರಕೊಂಡಾನ. ಮೊಗಲರ ಕಟ್ಟಿನಾಗ 96 ಎಲಿ. ದಶಾವತಾರದ ಕಟ್ಟಿನಾಗ ಅವತಾರಕ್ಕ 12ರಂಗ 120 ಎಲಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟ ಅಂದ್ರ ಜೀವ. ಹೊಸ ಹೊಸ ಗಂಜೀಫಾ ಕಟ್ಟು ತಾವೇ ರೂಪಿಸಿದ್ರು. ಶ್ರೀತತ್ತ್ವನಿಧಿಯ ಕೌತುಕನಿಧಿ ಅನ್ನೋ ಭಾಗದಾಗ ಆಟಗಳ ಸುದ್ದಿನೇ ಐತಿ, ಜಗನ್ಮೋಹನ ಅರಮನಿ ಗೋಡಿ ಮ್ಯಾಲೆ ಆಟದ ಮನಿಗಳನ್ನ ಬರಿಸ್ಯಾರ. ನಮ್ಮ ಕಾಲದಾಗ ಗಂಜೀಫಾ ರಘುಪತಿ ಭಟ್ಟರು ಆ ಚಿತ್ರಕಲಿ ಉಳಿಸಿದ್ರು.

ಇದರಾಗ ನನಗ ನಗು ಬಂದಿದ್ದು ಒಂದು ಸಂಗತಿ. 96 ಎಲಿ, 120 ಎಲಿ ಇರೋ ಈ ಮಾಮೂಲಿ ಗಂಜೀಫಾದಾಗ ಪ್ರತಿ ಗುಂಪಿಗೆ ಒಬ್ಬ ರಾಜ, ಒಬ್ಬ ಮಂತ್ರಿ, ಉಳಿದದ್ದು ಒಂದರಿಂದ ಹತ್ತು. ರಾಣಿ ಇಲ್ಲೇ ಇಲ್ಲ! ರಾಣಿ ಬಂದದ್ದು ಯೂರೋಪಿನ ಎಲಿ ಜೋಡಿ. ಹಡಗಿನ ಮ್ಯಾಲೆ ವ್ಯಾಪಾರಕ್ಕ ಬಂದವರ ಕೈಯಾಗ ಆ 52 ಎಲಿ ಬಂದ್ವು. ಅವರ ಮಾತು ನಮ್ಮ ಬಾಯಾಗ ಉಳೀತು. ನಾವು ಕಳಾವರ ಅಂತೀವಲ್ಲ, ಅದು ಡಚ್ಚರ ಕ್ಲಾವರ್. ತುರುಪಿನ ಎಲಿ ಅಂತೀವಲ್ಲ, ಆ ತುರುಪು ಅವರ ಟ್ರುಫ್. ಹಳ್ಳ್ಯಾಗ ಕಟ್ಟಿ ಮ್ಯಾಲೆ ಕುಂತು ತುರುಪು ಹೊಡದೆ ಅನ್ನೋ ಮುದುಕಗ ತಾನು ಡಚ್ ಮಾತಾಡಾಕತ್ತೀನಿ ಅಂತ ಎಲ್ಲಿ ಗೊತ್ತು!

ಇಂಗ್ಲಿಷರು ತಂದದ್ದು ವ್ಹಿಸ್ಟ್ ಅನ್ನೋ ಆಟ. ಅದರ ಮಗಳು ಬ್ರಿಜ್. 1890ರ ದಶಕದಾಗ ಲಂಡನ್ ಕ್ಲಬ್ಬಿನಾಗ ಬ್ರಿಜ್ ಹಬ್ಬಿತು. ಎಷ್ಟು ಪಟ್ಟು ತಗೀತೀನಿ ಅಂತ ಹರಾಜು ಕೂಗೋ ಪದ್ಧತಿ 1904ರ ಆಸುಪಾಸು ಶುರು ಆತು. ಅದು ಹುಟ್ಟಿದ್ದು ಇಂಡಿಯಾದಾಗ ನೌಕರಿಗೆ ಇದ್ದ ಇಂಗ್ಲಿಷ್ ಅಧಿಕಾರಿಗಳ ನಡುವೆ ಅಂತ ಆಟದ ಚರಿತ್ರೆ ಬರದವರು ಹೇಳ್ತಾರ. ಬಳ್ಳಾರಿನೂ ಅಂಥ ನೌಕರಿ ಊರೇ. 1800ರಾಗ ನಿಜಾಮ ನಮ್ಮ ಸೀಮಿ ಬ್ರಿಟಿಷರಿಗೆ ಬಿಟ್ಟುಕೊಟ್ಟಮ್ಯಾಲೆ ಇಲ್ಲಿ ದಂಡು ಬಂತು, ಕಲೆಕ್ಟರ್ ಬಂದ್ರು. 1953ರ ಅಕ್ಟೋಬರ್ 1ಕ್ಕ ಮೈಸೂರು ರಾಜ್ಯಕ್ಕ ಸೇರೋ ತನಕ ನಾವು ಮದ್ರಾಸಿನವರು. ಕಂಟೋನ್ಮೆಂಟ್ ಅನ್ನೋ ಹೆಸರು ಇನ್ನೂ ಉಳದೈತಿ. ದಂಡು ಇದ್ದಲ್ಲಿ ಕ್ಲಬ್ಬು, ಕ್ಲಬ್ಬು ಇದ್ದಲ್ಲಿ ಎಲಿ ಟೇಬಲ್ಲು. ಸಾಹೇಬರಿಂದ ನಮ್ಮ ವಕೀಲರು, ಡಾಕ್ಟರು, ರೈಲ್ವೆಯವರು ಕಲಿತ್ರು. ಹೆಣ್ಮಕ್ಕಳು ಟೇಬಲ್ ತನಕ ಚಹಾ ಕೊಡಾಕ ಅಷ್ಟೇ ಹೋಗ್ತಿದ್ರು.

ಈಗ ಜಗತ್ತೆಲ್ಲ ಆಡೋ ಲೆಕ್ಕದ ಪದ್ಧತಿ ಕಟ್ಟಿದವನು ಅಮೆರಿಕದ ಶ್ರೀಮಂತ ಹ್ಯಾರಲ್ಡ್ ವ್ಯಾಂಡರ್‌ಬಿಲ್ಟ್. 1925ರಾಗ ಹಡಗಿನ ಪ್ರಯಾಣದಾಗ ಮೂವರು ಗೆಳೆಯರ ಜೋಡಿ ಕುಂತು ಅದನ್ನ ಆಡಿ ನೋಡಿದ. ಒಂದು ಸಲ ಗೆದ್ದ ಜೋಡಿ ಮುಂದ ತಪ್ಪಿದ್ರ ಹೆಚ್ಚು ದಂಡ ಬೀಳಬೇಕು ಅಂತ ನಿಯಮ ಮಾಡಿದ್ರು, ಆ ಸ್ಥಿತಿಗೆ ಹೆಸರು ಹೊಳೀಲಿಲ್ಲ. ಅದೇ ಹಡಗಿನಾಗ ಇದ್ದ ಒಬ್ಬಾಕಿ ಹರೇದ ಹುಡುಗಿ "ವಲ್ನರಬಲ್" ಅಂತ ಇಡ್ರಿ ಅಂದಳು. ಅಂದ್ರ ಪೆಟ್ಟು ತಾಕೋ ಹಂಗ ಇರೋರು ಅಂತ. ಇವತ್ತಿಗೂ ಜಗತ್ತಿನ ಪ್ರತಿ ಟೇಬಲಿನಾಗ ಅದೇ ಪದ. ಆ ಹುಡುಗಿ ಹೆಸರು ಮಾತ್ರ ಆ ನಾಕು ಮಂದಿ ಗಂಡಸರಾಗ ಒಬ್ಬರಿಗೂ ನೆನಪು ಉಳೀಲಿಲ್ಲ. ಅಡಿಗಿ ಹೊಗಳಿ ಮಾಡಿದಾಕಿ ಹೆಸರು ಕೇಳದ ಹೋಗೋದು ನಮಗೇನು ಹೊಸದಲ್ಲ ಬಿಡ್ರಿ.

ಈಗ ನಮ್ಮವ್ವನ ಪ್ರಶ್ನಿಗೆ ಬರೋಣು. ದೊಡ್ಡಪ್ಪನ ಮೂರೆಲಿಗೂ ಇದಕ್ಕೂ ಏನು ಫರಕು? ಇದನ್ನ ಸುಪ್ರೀಂ ಕೋರ್ಟೇ ಒಮ್ಮೆ ಹೇಳೈತಿ. ಸಿಕಂದರಾಬಾದಿನ ಒಂದು ಕ್ಲಬ್ಬಿನಾಗ ರಮ್ಮಿ ಆಡಿದ್ದಕ್ಕ ಪೊಲೀಸರು ಹಾಕಿದ ಕೇಸು ದಿಲ್ಲಿ ತನಕ ಹೋಗಿತ್ತು. 1967ರ ನವೆಂಬರ್‌ನಾಗ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ತೀರ್ಪು ಕೊಟ್ಟರು. ಮೂರೆಲಿ ಆಟದಂಗ ರಮ್ಮಿ ಪೂರಾ ಅದೃಷ್ಟದ ಆಟ ಅಲ್ಲ, ಯಾವ ಎಲಿ ಬಿದ್ದಾವ ನೆನಪಿಡಬೇಕು, ಯಾವುದು ಇಟಗೋಬೇಕು ಯಾವುದು ಒಗೀಬೇಕು ಅನ್ನೋ ಚಾತುರ್ಯ ಬೇಕು, ಅದರಾಗಿನ ಅದೃಷ್ಟ ಬ್ರಿಜ್ ಎಲಿ ಹಂಚುವಾಗ ಇರೋ ಅದೃಷ್ಟದಂಥದ್ದೇ ಅಂದ್ರು. ಅಂದ್ರ ಬ್ರಿಜ್ ಬುದ್ಧಿ ಆಟ ಅನ್ನೋದರಾಗ ಕೋರ್ಟಿಗೂ ಅನುಮಾನ ಇರಲಿಲ್ಲ.

ಆದ್ರ ಒಂದು ಮಾತು. ಬುದ್ಧಿ ಆಟಕ್ಕೂ ರೊಕ್ಕ ಹಚ್ಚಿದ್ರ ಮನಿ ಮುಳುಗೋದು ತಪ್ಪಂಗಿಲ್ಲ. ಮೊಬೈಲಿನಾಗ ರಮ್ಮಿ ಆಡಿ ಸಾಲ ಮಾಡಿದ ಹುಡುಗರ ಸುದ್ದಿ ನಾವೆಲ್ಲಾ ಪೇಪರಿನಾಗ ಓದೇವಿ. 2025ರ ಆಗಸ್ಟ್‌ನಾಗ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟ ಎಲ್ಲಾ ಬಂದ್ ಮಾಡೋ ಕಾಯ್ದೆ ತಂತು. ಬುದ್ಧಿ ಆಟ ಇರಲಿ, ಅದೃಷ್ಟದ ಆಟ ಇರಲಿ, ರೊಕ್ಕ ಇದ್ರ ಬ್ಯಾಡ ಅಂತ. ಅವ್ವ ಹೊಸ್ತಿಲ ಮ್ಯಾಲೆ ನಿಂತು ಹೇಳಿದ ಕಾಯ್ದೆನೂ ಅದೇ ಅಲ್ಲೇನ್ರಿ?

ನಾನು ಬ್ರಿಜ್ ಕಲಿತದ್ದು 2020ರ ಲಾಕ್‌ಡೌನಿನಾಗ. ನಮ್ಮ ಮನಿಯವರ ಸೋದರಮಾವ ಗುಂತಕಲ್ಲಿನಾಗ ರೈಲ್ವೆ ಕೆಲಸದಾಗ ಇದ್ದವರು, ಅಲ್ಲೇ ಆಟ ಕಲಿತವರು. ನಮ್ಮ ಮನಿಗೆ ಬಂದು ಸಿಕ್ಕಿಕೊಂಡ್ರು. ಎರಡು ತಿಂಗಳು ಮನ್ಯಾಗ ಮಾಡೋದೇನು? "ಬಾರವ್ವ, ಮೂರು ಮಂದಿ ಆದ್ರ ಆಟ ಆಗಂಗಿಲ್ಲ, ನಾಕನೇದಾಕಿ ನೀನಾಗು" ಅಂದ್ರು. ಪಿಯುಸಿ ತನಕ ಓದಿದ ತಲಿ, ಮೂವತ್ತು ವರ್ಷದಿಂದ ಕಿರಾಣಿ ಲೆಕ್ಕ ಇಟ್ಟ ತಲಿ. ಲೆಕ್ಕ ಬಂತು ಅಂದ್ರ ಅರ್ಧ ಬ್ರಿಜ್ ಬಂದಂಗ ಅಂದ್ರು ಮಾವ.

ಆಟ ಹಿಂಗ. ನಾಕು ಮಂದಿಗೆ ಹದಿಮೂರು ಹದಿಮೂರು ಎಲಿ. ಎದುರು ಕುಂತವರು ಜೋಡಿ. ಒಬ್ಬೊಬ್ಬರು ಒಂದೊಂದು ಎಲಿ ಹಾಕಿ ನಾಕು ಎಲಿ ಆದ್ರ ಒಂದು ಪಟ್ಟು. ಆಟಕ್ಕ ಮೊದಲು ಹರಾಜು, ನಾವು ಇಷ್ಟು ಪಟ್ಟು ತಗೀತೀವಿ ಅಂತ. ಆ ಹರಾಜಿನಾಗ ಆಡಬಹುದಾದ ಮಾತು ಒಟ್ಟು ಮೂವತ್ತೆಂಟೇ. 35 ಕೂಗು, ಉಳಿದ ಮೂರು ಪಾಸ್, ಡಬಲ್, ರೀಡಬಲ್. ಅಷ್ಟರಾಗೇ ನನ್ನ ಕೈಯಾಗ ಏನೈತಿ ಅಂತ ಎದುರಿನವರಿಗೆ ತಿಳಿಸಬೇಕು. ಹುಬ್ಬು ಹಾರಿಸಂಗಿಲ್ಲ, ಕೆಮ್ಮಂಗಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ ಮನಿಯವರ ಜೋಡಿ ಮೊದಲ ಸಲ ಎದುರು ಕುಂತಾಗ, ಮೂವತ್ತೆಂಟು ಮಾತಿನಾಗ ಇಷ್ಟು ತಿಳೀತೈತಿ ಅಂದ್ರ ಉಳಿದ ಮಾತೆಲ್ಲ ಯಾಕ ಬೇಕಿತ್ತು ಅಂತ ಅನಿಸ್ತು. ಹರಾಜು ಗೆದ್ದವರ ಜೋಡಿದಾರ ತನ್ನ ಎಲಿ ಎಲ್ಲಾ ಬಿಚ್ಚಿ ಟೇಬಲ್ ಮ್ಯಾಲೆ ಇಟ್ಟು ಸುಮ್ಮನ ಕುಂದ್ರಬೇಕು. ಅವರಿಗೆ ಡಮ್ಮಿ ಅಂತ ಹೆಸರು. ಚಹಾಕ್ಕ ಇಡಾಕ ಅದೇ ಹೊತ್ತು.

ಹಂಚೋದು ಅದೃಷ್ಟ ತಾನೆ ಅಂತ ಕೇಳ್ತೀರಿ. ಹದಿಮೂರು ಎಲಿ ಬರೋ ಬಗಿ 63,501 ಕೋಟಿಗೂ ಹೆಚ್ಚು. ಒಬ್ಬರಿಗೆ ರಾಜ-ರಾಣಿ ಎಲ್ಲಾ, ಇನ್ನೊಬ್ಬರಿಗೆ ಬರೇ ದುರ್ರಿ-ತಿರ್ರಿ ಬರಬಹುದು. ಅದಕ್ಕ ಪಂದ್ಯದಾಗ ಒಂದು ಉಪಾಯ ಮಾಡ್ಯಾರ. ನಾಕು ಖಾನಿ ಇರೋ ಒಂದು ತಟ್ಟಿ ಇರ್ತೈತಿ, ಬೋರ್ಡು ಅಂತಾರ. ಆಟ ಮುಗಿದ ಮ್ಯಾಲೆ ಯಾರ ಎಲಿ ಅವರ ಖಾನಿಗೇ ವಾಪಸ್ ಇಟ್ಟು ಮುಂದಿನ ಟೇಬಲಿಗೆ ಕಳಿಸ್ತಾರ. ಅಲ್ಲಿ ಬ್ಯಾರೆ ನಾಕು ಮಂದಿ ಅವೇ ಎಲಿ ಆಡ್ತಾರ. ಕಡೀಗೆ ನಿಮ್ಮನ್ನ ಹೋಲಿಸೋದು ಎದುರಾಳಿ ಜೋಡಿ ಅಲ್ಲ, ಅದೇ ಎಲಿ ಹಿಡದ ಬ್ಯಾರೆಯವರ ಜೋಡಿ. ನನ್ನ ಹಣೆಬಾರ ಸರಿ ಇಲ್ಲ, ಕೆಟ್ಟ ಎಲಿ ಬಂತು ಅನ್ನಾಕ ದಾರಿನೇ ಇಲ್ಲ. ಎಲಿ ಎಲ್ಲಾರಿಗೂ ಒಂದೇ.

ಇದು ಕಣ್ಣಿಂದ ಕಂಡದ್ದು 2023ರಾಗ. ಬೆಂಗಳೂರಾಗ ಒಂದು ದೊಡ್ಡ ಪಂದ್ಯ, ದೇಶದ ಬ್ಯಾರೆ ಬ್ಯಾರೆ ಕಡಿಯಿಂದ ಮಂದಿ ಬಂದಿದ್ರು. ಮಾವನ ಜೋಡಿದಾರರಿಗೆ ಜ್ವರ. "ಮಗಳ ಮನಿಗೆ ಹೆಂಗೂ ಹೊಂಟೀಯಲ್ಲ, ಒಂದು ದಿನ ನನ್ನ ಎದುರಿಗೆ ಕುಂದ್ರು" ಅಂದ್ರು. ಬ್ರಿಜ್‌ನಾಗ ಒಂದು ಚಂದ ಏನಂದ್ರ, ಇಂಥ ಪಂದ್ಯದಾಗ ನ್ಯಾಷನಲ್ಸ್ ಆಡೋರೂ ನಮ್ಮಂಥ ಹೊಸಬರೂ ಒಂದೇ ಹಾಲಿನಾಗ ಕುಂದ್ರಬಹುದು.

ಹಾಲಿನ ತುಂಬ ಟೇಬಲ್ಲು, ಹತ್ತಿರ ಹತ್ತಿರ ನೂರು ಮಂದಿ, ಸದ್ದೇ ಇಲ್ಲ. ನಮ್ಮ ಕಡಿ ನೂರು ಮಂದಿ ಸೇರಿದ್ರ ಹೆಂಗ ಇರ್ತೈತಿ ನಿಮಗ ಗೊತ್ತಲ್ಲ! ಹರಾಜಿನ ಕೂಗೂ ಬಾಯಿಂದ ಅಲ್ಲ. ಪ್ರತಿಯೊಬ್ಬರ ಮಗ್ಗುಲಿಗೆ ಒಂದು ಡಬ್ಬಿ, ಅದರಾಗಿಂದ ಚೀಟಿ ತಗದು ಮುಂದ ಇಡೋದು. ಎಲಿ ಬೀಳೋ ಟಪ್ ಟಪ್ ಅಷ್ಟೇ ಕೇಳ್ತಿತ್ತು. ಏನರ ತಕರಾರು ಬಂದ್ರ ಜಗಳ ಇಲ್ಲ, ಕೈ ಎತ್ತಿ ಡೈರೆಕ್ಟರ್ ಅನ್ನೋರನ್ನ ಕರೀತಾರ, ಅವರು ಹೇಳಿದ್ದೇ ಕೊನಿ. ಡಮ್ಮಿ ಎಲಿ ಬಿಚ್ಚಿ ಇಟ್ಟಾಗ, ಎಲಿ ಎಷ್ಟೇ ಕೆಟ್ಟಾಗಿರಲಿ, ಎದುರಿನವರು "ಥ್ಯಾಂಕ್ಯೂ ಪಾರ್ಟ್‌ನರ್" ಅಂತಾರ. ಈ ರೂಢಿ ನನಗ ಬಹಳ ಹಿಡಿಸ್ತು. ಇದ್ದದ್ದು ಇಟ್ಟಾಳ, ಅದಕ್ಕ ಮೊದಲು ಥ್ಯಾಂಕ್ಸ್, ಲೆಕ್ಕ ಆಮ್ಯಾಲೆ.

ಕಾಟನ್ ಸೀರಿ ಉಟ್ಟು, ಕಿವಿಗೆ ಮಷಿನ್ ಹಾಕಿದ ಅಜ್ಜಿ ಒಬ್ಬರು ಎದುರಾಳಿಯಾಗಿ ಬಂದ್ರು. ಎಲಿ ಬೀಳೋದನ್ನ ನೋಡಿ ನನ್ನ ಕೈಯಾಗ ಉಳದದ್ದು ಏನಂತ ಅವರಿಗೆ ಕನ್ನಡಿಯಾಗ ಕಂಡಂಗ ಕಾಣ್ತಿತ್ತು. ಆ ಬೋರ್ಡಿನಾಗ ನನಗ ಬಂದದ್ದು ಒಂದು ಗುಲಾಮ, ಉಳಿದದ್ದು ಚಿಲ್ಲರಿ. ಮಾವನ ಕೈಯಾಗೂ ಹೇಳಿಕೊಳ್ಳೋ ಹಂಗ ಏನಿರಲಿಲ್ಲ. ಅಜ್ಜಿ ತಾವು ಕೂಗಿದ ಹತ್ತು ಪಟ್ಟು ತಗೊಂಡೇ ತಗೊಂಡ್ರು. ನಾವು ಮೂರು ಪಟ್ಟು ಹೆಂಗೋ ಗಟ್ಟಿ ಹಿಡಕೊಂಡ್ವಿ. ಸೋತ್ವಿ. ಸಂಜಿಗೆ ಲೆಕ್ಕದ ಹಾಳಿ ಬಂತು ನೋಡ್ರಿ, ಆ ಬೋರ್ಡಿಗೆ ನಮಗೇ ಎಲ್ಲಾರಿಗಿಂತ ಹೆಚ್ಚು ಮಾರ್ಕು! ಯಾಕಂದ್ರ ಅವೇ ಎಲಿ ಹಿಡದ ಉಳಿದ ಜೋಡಿ ಎಲ್ಲಾ ಹನ್ನೊಂದು, ಹನ್ನೆರಡು ಪಟ್ಟು ಬಿಟ್ಟುಕೊಟ್ಟಿದ್ರು. ಸೋತವರಾಗ ಕಡಿಮಿ ಸೋತವರು ನಾವು. ಒಟ್ಟು ಲೆಕ್ಕದಾಗ ನಮ್ಮ ಜಾಗ ಕೆಳಗಿಂದ ಎಣಿಸಿದ್ರ ಬೇಗ ಸಿಗೋದು, ಅದು ಇರಲಿ. ಆ ಒಂದು ಸಾಲು ನೋಡಿ ನನಗ ನೆನಪಾದಾಕಿ ದೊಡ್ಡವ್ವ. ಎರಡು ಎಕರೆ ಹೋದ ಮನ್ಯಾಗ ಮೂರು ಮಕ್ಕಳನ್ನ ಸಾಲಿಗೆ ಹಾಕಿದ್ಲು. ಆಕಿ ಎಲಿ ಹಿಡದು ಬ್ಯಾರೆ ಯಾರು ಆಡಿದ್ರೂ ಅಷ್ಟು ಪಟ್ಟು ಉಳಿಸ್ತಿದ್ರೋ ಇಲ್ಲೋ. ಅಂಥ ಲೆಕ್ಕದ ಹಾಳಿ ಬದುಕಿನಾಗ ಯಾರೂ ಅಂಟಿಸಂಗಿಲ್ಲ.

ವಯಸ್ಸಿನ ಮಾತು ಆಡಿದವರಿಗೆ ಇನ್ನೊಂದು ಸುದ್ದಿ. 2018ರ ಜಕಾರ್ತ ಏಷ್ಯನ್ ಗೇಮ್ಸಿನಾಗ ಬ್ರಿಜ್ ಮೊದಲ ಸಲ ಸೇರಿತು. ಗಂಡಸರ ಜೋಡಿ ಪಂದ್ಯದಾಗ ಬಂಗಾಳದ ಪ್ರಣಬ್ ಬರ್ಧನ್, ಶಿಬ್‌ನಾಥ್ ಸರ್ಕಾರ್ 384 ಪಾಯಿಂಟ್ ತಗದು ಚೀನಾದವರನ್ನ ಹಿಂದ ಹಾಕಿ ಬಂಗಾರ ಗೆದ್ರು. ಒಬ್ಬರಿಗೆ 60, ಇನ್ನೊಬ್ಬರಿಗೆ 56 ವರ್ಷ. ಗಂಡು-ಹೆಣ್ಣು ಕೂಡಿ ಆಡೋ ಮಿಶ್ರ ತಂಡಕ್ಕ ಕಂಚು ಬಂತು. ಅದರಾಗ ಕಿರಣ್ ನಾಡಾರ್, ಹೇಮಾ ದೇವ್ರಾ, ಹಿಮಾನಿ ಖಂಡೇಲ್‌ವಾಲ್ ಇದ್ರು. ಮೊದಲಿನ ಇಬ್ಬರು ಅರವತ್ತು ದಾಟಿದವರು. ಆ ಸಲ ನಮ್ಮ ಇಡೀ ದೇಶದ ತಂಡದಾಗ ಎಲ್ಲಾರಿಗಿಂತ ಹಿರೇರು 79 ವರ್ಷದ ರೀಟಾ ಚೋಕ್ಸಿ, ಅವರೂ ಬ್ರಿಜ್ ಆಟಗಾರ್ತಿ. ಓಡೋ ಹುಡುಗರು, ಕುಸ್ತಿ ಹುಡುಗೇರು ತೊಟ್ಟ ಅದೇ ಕೋಟು ತೊಟ್ಟು ಹೋಗಿದ್ರು. ಅದಕ್ಕ ಮೂರು ವರ್ಷ ಮೊದಲು, 2015ರಾಗ, ವಿಶ್ವ ತಂಡ ಪಂದ್ಯ ನಮ್ಮ ಚೆನ್ನೈಯಾಗೇ ನಡೆದಿತ್ತು. ಹೆಣ್ಮಕ್ಕಳ ವೆನಿಸ್ ಕಪ್ ಫ್ರಾನ್ಸಿನವರು ಒಯ್ದರು. ಬಳ್ಳಾರಿಯಿಂದ ಒಂದು ರಾತ್ರಿ ರೈಲಿನ ದೂರ, ನಮಗ ಸುದ್ದಿನೂ ಇರಲಿಲ್ಲ.

ಹೋದ ತಿಂಗಳು ಅವ್ವಗ ಎಲ್ಲಾ ಹೇಳಿದೆ. "ರೊಕ್ಕ ಇಲ್ಲೇನು?" ಅಂದ್ಲು. ಇಲ್ಲವ್ವ ಅಂದೆ. "ಹಂಗಾದ್ರ ಆಡ್ರಿ, ಆದ್ರ ನಿನ್ನ ಮನ್ಯಾಗ" ಅಂದ್ಲು. ಸಿರುಗುಪ್ಪಕ್ಕ ಹೋಗುವಾಗ ನಾನು ಎಲಿ ಕಟ್ಟು ಬ್ಯಾಗಿನಾಗ ಇಟ್ಟುಕೊಳ್ಳಂಗಿಲ್ಲ. ಆಕಿ ಹೆದರಿಕಿ ಸುಳ್ಳಲ್ಲ. ಆ ಗದ್ದಿ ಇನ್ನೂ ಬಸ್ಸಿನ ಕಿಟಕಿಯಾಗ ಕಾಣತೈತಿ.

ನಮ್ಮ ಮನಿ ನಿಯಮ ಇಷ್ಟು: ರೊಕ್ಕ ಇಲ್ಲ, ಕಡ್ಲಿಕಾಯಿ ಬೀಜದ ಪಣಾನೂ ಇಲ್ಲ. ಮೊಬೈಲ್ ಬ್ಯಾರೆ ಕ್ವಾಣ್ಯಾಗ. ಐದಕ್ಕ ಬಂದ್. ಸದ್ಯಕ್ಕ ನಾನು, ನನ್ನ ನೆಗೆಣ್ಣಿ, ಮಗ್ಗುಲ ಮನಿಯಾಕಿ, ಕುರುಗೋಡಿನಿಂದ ಬಸ್ಸು ಹತ್ತಿ ಬರೋ ಚಿಗವ್ವ. ಇನ್ನ ನಾಕು ಮಂದಿ ಸಿಕ್ರ ಎರಡು ಟೇಬಲ್ ಆಗ್ತೈತಿ, ಆವಾಗ ಬೋರ್ಡು ಇಟ್ಟು ಅವೇ ಎಲಿ ಎರಡೂ ಕಡಿ ಆಡಬಹುದು. ಬಡಿಗ್ಯಾಗ ಹೇಳಿ ಕಟ್ಟಿಗಿ ತಟ್ಟಿ ಎಂಟು ಮಾಡಿಸಿಟ್ಟೀನಿ. ಶನಿವಾರ ಮೂರಕ್ಕ ಬರ್ರಿ. ಏನೂ ಬರದಿದ್ರೂ ನಡೀತೈತಿ. ಮೊದಲ ದಿನ ಎಲ್ಲಾರೂ ಡಮ್ಮಿನೇ. ಒಗ್ಗರಣಿ-ಮಿರ್ಚಿ ನನ್ನ ಕಡಿಯಿಂದ.